ಚೆಂದದ ಮನೆಯೋ, ಸದ್ದಿಲ್ಲದ ಮನೆಯೋ: ಚಿತ್ರೀಕರಣದ ಸ್ಥಳವನ್ನು ಅಳೆಯುವ ಬಗೆ

ಪ್ರಶ್ನೆ: ಕಡಿಮೆ ಬಜೆಟ್ಟಿನ ಚಲನಚಿತ್ರವೊಂದರಲ್ಲಿ ನಾನು ಸಹಾಯಕ ನಿರ್ದೇಶಕ. ಲೊಕೇಶನ್ ಹುಡುಕುವ ಹೊಣೆ ನನ್ನ ಮೇಲಿದೆ. ಕಥೆಯ ಬಹುಪಾಲು ಹಳೆಯ ಎರಡಂತಸ್ತಿನ ಮನೆಯೊಂದರಲ್ಲಿ ನಡೆಯುತ್ತದೆ; ಉಳಿದದ್ದು ಮುಚ್ಚಿಹೋದ ಕಾರ್ಖಾನೆಯಲ್ಲಿ ಮತ್ತು ನದಿಯ ದಡದಲ್ಲಿ. ಮನೆಗಾಗಿ ಎರಡು ಜಾಗಗಳು ಸಿಕ್ಕಿವೆ. ಒಂದು ಹೊರಗಿನಿಂದ ನೋಡಲು ಅದ್ಭುತವಾಗಿದೆ, ಆದರೆ ಹೆದ್ದಾರಿಗೆ ಅಂಟಿಕೊಂಡಿದೆ. ಇನ್ನೊಂದು ನೋಟಕ್ಕೆ ಸಾಧಾರಣ, ಆದರೆ ವಿಶಾಲವಾಗಿದೆ, ಸುತ್ತ ಸದ್ದಿಲ್ಲ. ಸಂಭಾಷಣೆಯನ್ನು ಸಿಂಕ್ ಸೌಂಡ್‌ನಲ್ಲಿ, ಅಂದರೆ ಚಿತ್ರೀಕರಣದ ಹೊತ್ತಿನಲ್ಲೇ, ದಾಖಲಿಸಬೇಕೆಂದಿದ್ದೇವೆ. ನಿರ್ದೇಶಕರು ಮೊದಲ ಮನೆಯನ್ನು ಮೆಚ್ಚಿದ್ದಾರೆ. ಸ್ಥಳ ಹುಡುಕುವುದಕ್ಕೂ ಅದನ್ನು ತೂಗಿ ನೋಡುವುದಕ್ಕೂ ಒಂದು ಕ್ರಮವಿದೆಯೇ?

ಉತ್ತರ: ಸಂಭಾಷಣೆಯನ್ನು ಸ್ಥಳದಲ್ಲೇ ದಾಖಲಿಸಬೇಕೆಂದು ನಿರ್ಧರಿಸಿದ ಮೇಲೆ, ಚಿತ್ರದ ಬಹುಪಾಲು ನಡೆಯುವ ಮನೆಯನ್ನು ಹೆದ್ದಾರಿಯ ಪಕ್ಕದಲ್ಲಿ ಆರಿಸಿಕೊಂಡರೆ ಆ ನಿರ್ಧಾರವನ್ನು ನೀವೇ ಸದ್ದಿಲ್ಲದೆ ಕೈಬಿಟ್ಟಂತಾಗುತ್ತದೆ. ಹಾಗೆಂದು ಮೊದಲ ಮನೆಯನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಅದಕ್ಕೊಂದು ದಾರಿಯಿದೆ, ಮುಂದೆ ಹೇಳುತ್ತೇನೆ. ಕ್ರಮ ಇದೆಯೇ ಎಂದು ಕೇಳಿದ್ದೀರಿ. ಇದೆ. ಸ್ಥಳ ಚೆನ್ನಾಗಿ ಕಾಣುತ್ತದೆಯೇ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡು, ಆ ದೃಶ್ಯವನ್ನು ಆ ಹೊತ್ತಿನಲ್ಲಿ, ಅಷ್ಟು ಜನರೊಂದಿಗೆ, ಗೊತ್ತುಪಡಿಸಿದ ದಿನಗಳೊಳಗೆ ಅಲ್ಲಿ ಮುಗಿಸಲು ಸಾಧ್ಯವೇ ಎಂಬುದನ್ನು ಮೊದಲು ಕೇಳುವುದೇ ಆ ಕ್ರಮ. ಕಣ್ಣು ಒಂದು ಜಾಗವನ್ನು ಒಪ್ಪಿಕೊಂಡಿತೆಂದರೆ ಅದರ ದೋಷಗಳಿಗೆಲ್ಲ ಮನಸ್ಸು ತಾನೇ ಸಮಾಧಾನ ಹುಡುಕಲಾರಂಭಿಸುತ್ತದೆ. ಅನುಭವಿ ನಿರ್ದೇಶಕರೂ ಇದರಿಂದ ತಪ್ಪಿಸಿಕೊಂಡವರಲ್ಲ.

ಹುಡುಕಾಟ ಬೀದಿಯಲ್ಲಿ ಆರಂಭವಾಗುವುದಿಲ್ಲ, ಚಿತ್ರಕಥೆಯ ಮೇಜಿನ ಮೇಲೆ ಆರಂಭವಾಗುತ್ತದೆ. ಪ್ರತಿಯೊಂದು ದೃಶ್ಯಕ್ಕೂ ಹಗಲೋ ಇರುಳೋ, ಒಳಗೋ ಹೊರಗೋ, ಎಷ್ಟು ಪಾತ್ರಗಳು, ಮಾತು ಎಷ್ಟು, ಓಡಾಟ ಎಷ್ಟು, ಕಿಟಕಿಯಾಚೆ ಏನು ಕಾಣಲೇಬೇಕು, ಗೋಡೆಗೆ ಬಣ್ಣ ಬಳಿಯುವುದೋ ಮೊಳೆ ಹೊಡೆಯುವುದೋ ಇದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಬರೆಯುವಾಗ ಕಥೆ ಬೇಡುವ ಅಂಶಗಳನ್ನೂ ನಿರ್ದೇಶಕರು ಕಲ್ಪಿಸಿಕೊಂಡ ಅಂಶಗಳನ್ನೂ ಬೇರೆ ಬೇರೆ ಇಡಿ. ಮಹಡಿಯಿಂದ ಇಳಿಯುವವಳನ್ನು ಕೆಳಗೆ ಕುಳಿತವನು ನೋಡಬೇಕೆಂಬುದು ಕಥೆಯ ಬೇಡಿಕೆಯಾಗಿರಬಹುದು. ಆ ಮೆಟ್ಟಿಲು ಮರದ್ದೇ ಆಗಿರಬೇಕೆಂಬುದು ಕಲ್ಪನೆಯಾಗಿರಬಹುದು. ಮೊದಲನೆಯದರಲ್ಲಿ ರಾಜಿಗೆ ಎಡೆಯಿಲ್ಲ, ಎರಡನೆಯದರಲ್ಲಿ ಇದೆ. ಹೀಗೆ ವಿಂಗಡಿಸಿದ ಮೇಲೆ ನಿಮಗೆ ಬೇಕಾದದ್ದು ಹಳೆಯ ಮನೆ ಎನ್ನುವುದಕ್ಕಿಂತಲೂ, ಕೆಳಗಿನ ಕೋಣೆಯಿಂದ ಮೆಟ್ಟಿಲು ಪೂರ್ತಿ ಕಾಣುವ, ಮೂರು ಕಡೆಯಿಂದ ಬೆಳಕು ಬರುವ, ಪಕ್ಕದ ಕಟ್ಟಡ ಕಣ್ಣಿಗೆ ಬೀಳದ ಒಂದು ಮನೆ ಎಂಬುದು ಸ್ಪಷ್ಟವಾಗಬಹುದು.

ಹೆಸರಿನಿಂದ ಹುಡುಕದೆ ಗುಣದಿಂದ ಹುಡುಕುವ ಈ ಅಭ್ಯಾಸ ಸಿನಿಮಾದಷ್ಟೇ ಹಳೆಯದು. 1927ರಲ್ಲಿ ಪ್ಯಾರಮೌಂಟ್ ಸ್ಟುಡಿಯೊ ಸಿದ್ಧಪಡಿಸಿದ ಕ್ಯಾಲಿಫೋರ್ನಿಯಾದ ನಕ್ಷೆಯೊಂದರಲ್ಲಿ ಆ ರಾಜ್ಯದ ಬೇರೆ ಬೇರೆ ಭಾಗಗಳ ಮೇಲೆ ಲೋಕದ ನಾನಾ ದೇಶಗಳ ಹೆಸರುಗಳನ್ನು ಬರೆಯಲಾಗಿತ್ತು. ಸಹಾರಾ ಬೇಕಾದರೆ ಇಲ್ಲಿಗೆ ಹೋಗಿ, ಸ್ವಿಟ್ಜರ್ಲೆಂಡ್ ಬೇಕಾದರೆ ಅಲ್ಲಿಗೆ ಹೋಗಿ ಎಂಬುದು ಅದರ ತಾತ್ಪರ್ಯ. ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅವರದು. 1980ರ ದಶಕದ ನಡುವಿನಲ್ಲಿ ಅವರು ವಿಯೆಟ್ನಾಮಿನ ಹ್ಯೂ ನಗರದ ಕಾಳಗವನ್ನು ಲಂಡನ್ನಿನ ಬೆಕ್ಟನ್ ಎಂಬಲ್ಲಿದ್ದ, ಕೆಡವಲು ನಿಗದಿಯಾಗಿದ್ದ ಗ್ಯಾಸ್ ಕಾರ್ಖಾನೆಯ ಆವರಣದಲ್ಲಿ ಚಿತ್ರಿಸಿದರು. ಅಲ್ಲಿನ ಕಟ್ಟಡಗಳ ವಾಸ್ತುಶೈಲಿ ಹ್ಯೂ ನಗರದ ಕಟ್ಟಡಗಳಿಗೆ ಹತ್ತಿರವಾಗಿತ್ತು. ಇಲ್ಲದಿದ್ದ ತಾಳೆಮರಗಳನ್ನು ಹೊರಗಿನಿಂದ ತರಿಸಿ ನೆಟ್ಟರು. ನನ್ನ ದೃಷ್ಟಿಯಲ್ಲಿ ಆ ಆಯ್ಕೆಯ ಜಾಣತನ ಹೋಲಿಕೆಯಲ್ಲಿ ಮಾತ್ರವಿಲ್ಲ. ಯುದ್ಧದ ದೃಶ್ಯಕ್ಕೆ ಗೋಡೆ ಒಡೆಯಬೇಕು, ಬೆಂಕಿ ಹಚ್ಚಬೇಕು. ಹೇಗೂ ಬೀಳಲಿರುವ ಕಟ್ಟಡ ಅದಕ್ಕೆ ಅವಕಾಶ ಕೊಡುತ್ತದೆ.

ಹುಡುಕುವ ಸಾಧನಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೂಗಲ್ ಅರ್ಥ್‌ನ ಉಪಗ್ರಹ ಚಿತ್ರಗಳಿಂದ ಕಾರ್ಖಾನೆಯ ಆವರಣದ ಅಳತೆ, ಒಳಗೆ ಹೋಗುವ ದಾರಿ, ನದಿಯ ತಿರುವು ತಿಳಿಯುತ್ತವೆ. ಹಿಂದಿನ ವರ್ಷಗಳ ಚಿತ್ರಗಳನ್ನು ತೆರೆದರೆ ಮರಳಿನ ದಿಬ್ಬ ಯಾವ ತಿಂಗಳಲ್ಲಿ ನೀರಿನಡಿ ಹೋಗುತ್ತದೆಂಬುದೂ ಕೆಲವೊಮ್ಮೆ ಕಾಣುತ್ತದೆ. ಅನೇಕ ದೇಶಗಳಲ್ಲಿ ಚಿತ್ರೀಕರಣಕ್ಕೆ ನೆರವಾಗುವ ಫಿಲ್ಮ್ ಕಮಿಷನ್‌ಗಳಿವೆ, ಅವುಗಳಲ್ಲಿ ಕೆಲವು ಸ್ಥಳಗಳ ಚಿತ್ರಕೋಶವನ್ನೂ ಇಟ್ಟುಕೊಂಡಿರುತ್ತವೆ. ಆದರೆ ಚಿತ್ರಕೋಶದಲ್ಲಿರುವುದು ಈಗಾಗಲೇ ಬೇರೆಯವರು ಬಳಸಿರಬಹುದಾದ ಜಾಗ. ಹೊಸದು ಬೇಕಿದ್ದರೆ ವಾಸ್ತುಶಿಲ್ಪಿಗಳು, ಕಟ್ಟಡ ದುರಸ್ತಿ ಮಾಡುವವರು, ಅಂಚೆ ಹಂಚುವವರು, ಬಾಡಿಗೆ ವಾಹನದ ಚಾಲಕರು ಇವರನ್ನು ವಿಚಾರಿಸಿ. ಮನೆಗಳ ಒಳಗು ಹೊರಗು ಬಲ್ಲವರು ಅವರೇ.

ಮೊದಲ ಭೇಟಿಯಲ್ಲಿ ತೆಗೆಯುವ ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ. ಮೊಬೈಲಿನ ಅಲ್ಟ್ರಾವೈಡ್ ಕ್ಯಾಮೆರಾ ಸಣ್ಣ ಕೋಣೆಯನ್ನು ಸಭಾಂಗಣದಂತೆ ತೋರಿಸುತ್ತದೆ. ಆ ಚಿತ್ರ ನೋಡಿ ಒಪ್ಪಿಕೊಂಡವರು ಚಿತ್ರೀಕರಣದ ದಿನ ಬಾಗಿಲಲ್ಲಿ ನಿಂತು ತಬ್ಬಿಬ್ಬಾಗುತ್ತಾರೆ. ಪ್ರತಿ ಕೋಣೆಯ ನಾಲ್ಕು ಮೂಲೆಗಳಿಂದಲೂ ಒಂದೇ ಲೆನ್ಸಿನಲ್ಲಿ ಚಿತ್ರ ತೆಗೆಯಿರಿ. ಚೆಂದದ ದಿಕ್ಕಿಗೆ ಬೆನ್ನು ಹಾಕಿ ಇನ್ನೊಂದು ದಿಕ್ಕನ್ನೂ ತೆಗೆಯಿರಿ, ಏಕೆಂದರೆ ಎದುರುಬದುರು ಕುಳಿತ ಇಬ್ಬರ ಮಾತುಕತೆಯಲ್ಲಿ ಕ್ಯಾಮೆರಾ ತಿರುಗಲೇಬೇಕು. ಚಾವಣಿ, ಮೀಟರ್ ಬೋರ್ಡು, ಬಾಗಿಲಿನ ಅಗಲ, ಲಾರಿ ನಿಲ್ಲುವ ಜಾಗ, ಬೀದಿಯ ಎರಡೂ ತುದಿ, ಇವೆಲ್ಲ ಬೇಕು. ಚಿತ್ರ ತೆಗೆದ ದಿನಾಂಕ ಮತ್ತು ಹೊತ್ತನ್ನು ತಪ್ಪದೆ ನಮೂದಿಸಿ.

ಕೋಣೆ ಸಾಕಾಗುತ್ತದೆಯೇ ಎಂಬುದನ್ನು ಅಂದಾಜಿಗೆ ಬಿಡಬೇಕಾಗಿಲ್ಲ, ಲೆಕ್ಕ ಹಾಕಬಹುದು. ಸಿನಿಮಾ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಸೂಪರ್ 35 ಅಳತೆಯ ಸೆನ್ಸರಿನ (ಬಿಂಬ ಬೀಳುವ ಫಲಕದ) ಅಗಲ ಸುಮಾರು 25 ಮಿಲಿಮೀಟರ್. ಅದಕ್ಕೆ 35 ಮಿಲಿಮೀಟರ್ ಲೆನ್ಸ್ ಹಾಕಿದರೆ, ಕ್ಯಾಮೆರಾದಿಂದ ಎಷ್ಟು ದೂರವೋ ಅದರ ಸುಮಾರು ಶೇ 70ರಷ್ಟು ಅಗಲ ಚೌಕಟ್ಟಿನೊಳಗೆ ಸಿಗುತ್ತದೆ. ಎತ್ತರದಲ್ಲಿ ಸಿಗುವುದು ಸುಮಾರು ಶೇ 40 ಮಾತ್ರ. ಅಂದರೆ ನಿಂತ ಮನುಷ್ಯನೊಬ್ಬನನ್ನು ತಲೆಯ ಮೇಲೆ ತುಸು ಜಾಗ ಬಿಟ್ಟು ಅಡಿಯಿಂದ ಮುಡಿಯವರೆಗೆ ತೋರಿಸಲು ಹದಿನೇಳು ಹದಿನೆಂಟು ಅಡಿ ದೂರ ಬೇಕು. ಇದರ ಹಿಂದೆ ಕ್ಯಾಮೆರಾ, ಅದನ್ನು ನಡೆಸುವವರು, ಫೋಕಸ್ ನೋಡುವವರು, ಇದರ ಮುಂದೆ ನಟನ ಬೆನ್ನಿಗೂ ಗೋಡೆಗೂ ನಡುವಿನ ಅಂತರ ಸೇರಿಸಿದರೆ ಇಪ್ಪತ್ತೈದು ಅಡಿ ಸುಲಭವಾಗಿ ದಾಟುತ್ತದೆ. ಹನ್ನೆರಡು ಅಡಿಯ ಕೋಣೆಯಲ್ಲಿ ಇದು ಆಗದು, ಅಲ್ಲಿ ಇನ್ನೂ ಅಗಲದ ಲೆನ್ಸ್ ಬೇಕು, ಅದು ಮುಖದ ಚಹರೆಯನ್ನೂ ದೃಶ್ಯದ ಭಾವವನ್ನೂ ಬದಲಿಸುತ್ತದೆ. ಆದ್ದರಿಂದ ಲೇಸರ್ ಅಳತೆ ಸಾಧನ ಜೇಬಿನಲ್ಲಿರಲಿ. ಚಾವಣಿಯ ಎತ್ತರವನ್ನೂ ಅಳೆಯಿರಿ, ಮೇಲಿನಿಂದ ದೀಪ ಇಳಿಬಿಡುವವರೂ ಮೈಕು ಕಟ್ಟಿದ ಉದ್ದ ಕೋಲನ್ನು (ಬೂಮ್) ಹಿಡಿಯುವವರೂ ಅದನ್ನೇ ಮೊದಲು ಕೇಳುತ್ತಾರೆ.

ಈಗ ಶಬ್ದದ ವಿಚಾರ. ಬಿಂದುವಿನಂಥ ಒಂದು ಮೂಲದಿಂದ, ಉದಾಹರಣೆಗೆ ಜನರೇಟರಿನಿಂದ, ಬರುವ ಸದ್ದು ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ತಗ್ಗುತ್ತದೆ. ವಾಹನಗಳು ಎಡೆಬಿಡದೆ ಹರಿಯುವ ಹೆದ್ದಾರಿ ಬಿಂದುವಲ್ಲ, ಉದ್ದನೆಯ ಗೆರೆ. ಅದರ ಸದ್ದು ದೂರ ಇಮ್ಮಡಿಯಾದರೂ ತಗ್ಗುವುದು ಸುಮಾರು 3 ಡೆಸಿಬಲ್ ಮಾತ್ರ. ಹಾಗಾಗಿ, ಹಿಂದಿನ ಕೋಣೆಯಲ್ಲಿ ಚಿತ್ರೀಕರಿಸೋಣ ಎಂಬ ಸಮಾಧಾನ ನಿಮ್ಮ ಮೊದಲ ಮನೆಯಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ನಡುವಿನ ದಪ್ಪ ಗೋಡೆಗಳು ಎಷ್ಟು ತಡೆಯುತ್ತವೋ ಅಷ್ಟೇ ಲಾಭ. ಕಂಬಳಿ, ದಪ್ಪ ಪರದೆ ಕಟ್ಟಿದರೆ ಕೋಣೆಯೊಳಗಿನ ಮಾರ್ದನಿ ಕಡಿಮೆಯಾಗುತ್ತದೆ, ಹೊರಗಿನ ಲಾರಿಯ ತಗ್ಗು ದನಿಯ ಗುಡುಗು ಅದಕ್ಕೆ ಜಗ್ಗುವುದಿಲ್ಲ. ಈ ಎರಡನ್ನು ಒಂದೇ ಎಂದುಕೊಳ್ಳುವವರು ಬಹಳ ಮಂದಿ.

ಸದ್ದು ಇರುವುದಕ್ಕಿಂತಲೂ ಅದು ಏರಿಳಿಯುವುದು ಸಂಕಲನದಲ್ಲಿ ಹೆಚ್ಚು ಕಾಡುತ್ತದೆ. ಒಂದೇ ಸಮನೆ ಹರಿಯುವ ನೀರಿನ ಸದ್ದನ್ನು ಒಂದು ಮಟ್ಟಿಗೆ ನಿಭಾಯಿಸಬಹುದು, ಆದರೆ ಒಂದು ಶಾಟಿನಲ್ಲಿ ಹಾರ್ನ್ ಇದ್ದು ಅದಕ್ಕೆ ಜೋಡಿಸಬೇಕಾದ ಇನ್ನೊಂದರಲ್ಲಿ ಇಲ್ಲದಿದ್ದರೆ ಕತ್ತರಿ ಹಾಕಿದ ಜಾಗ ಕಿವಿಗೆ ಹೊಡೆಯುತ್ತದೆ. ಆದ್ದರಿಂದ ಚಿತ್ರೀಕರಣ ನಡೆಯಲಿರುವ ವಾರದ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಭಾನುವಾರ ಬೆಳಿಗ್ಗೆ ನಿಶ್ಶಬ್ದವಾಗಿದ್ದ ಬೀದಿ ಸೋಮವಾರ ಶಾಲೆಯ ಗಂಟೆ, ಮರ ಕೊಯ್ಯುವ ಯಂತ್ರ, ಕಟ್ಟಡದ ಕೆಲಸ ಇವುಗಳಿಂದ ತುಂಬಿರಬಹುದು. ಧ್ವನಿಗ್ರಾಹಕರನ್ನು ಅವರ ಮೈಕು, ಹೆಡ್‌ಫೋನುಗಳ ಸಮೇತ ಕರೆದೊಯ್ದು, ಕಿಟಕಿ ಮುಚ್ಚಿ, ಮಾತಿಲ್ಲದೆ ಹತ್ತು ನಿಮಿಷ ದಾಖಲಿಸಿಕೊಳ್ಳಲು ಹೇಳಿ. ಕೈತಟ್ಟಿ ನೋಡಿ, ಎದುರುಬದುರಾದ ಬೋಳು ಗೋಡೆಗಳ ನಡುವೆ ಆ ಸದ್ದು ಪಟಪಟನೆ ಪುಟಿಯುತ್ತಿದ್ದರೆ ಅಲ್ಲಿ ಮಾತು ಕೆಡುತ್ತದೆ. ವಿಮಾನಗಳ ದಾರಿ, ನೀರಿನ ಪಂಪು, ಲಿಫ್ಟು, ಫ್ರಿಜ್ಜು ಇವುಗಳಲ್ಲಿ ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಲಾಗದು ಎಂಬ ಪಟ್ಟಿ ನಿಮ್ಮ ಬಳಿ ಇರಬೇಕು. (ಫ್ರಿಜ್ಜನ್ನು ನಿಲ್ಲಿಸಿದ ಧ್ವನಿಗ್ರಾಹಕರು ತಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಡುತ್ತಾರೆಂಬುದು ತಮಾಷೆಯಲ್ಲ. ಮತ್ತೆ ಹಚ್ಚುವುದನ್ನು ಮರೆತು ಮನೆಗೆ ಹೊರಡದಂತೆ ಮಾಡಿಕೊಂಡ ಉಪಾಯವದು.)

ಬೆಳಕಿನ ಲೆಕ್ಕವೂ ಇಷ್ಟೇ ಕಟ್ಟುನಿಟ್ಟಿನದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಆರು ಗಂಟೆ ಹಿಡಿಯುವ ಒಂದು ದೃಶ್ಯದಲ್ಲಿ ನೆರಳುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿರುತ್ತವೆ, ಕಥೆಯಲ್ಲಿ ಕಳೆದದ್ದು ಮೂರು ನಿಮಿಷ. ಸೂರ್ಯ ನಿಖರವಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವದ ಆಸುಪಾಸಿನಲ್ಲಿ ಮಾತ್ರ. 15 ಡಿಗ್ರಿ ಅಕ್ಷಾಂಶದಲ್ಲೇ ಜೂನ್ ಮತ್ತು ಡಿಸೆಂಬರ್‌ಗಳ ನಡುವೆ ಸೂರ್ಯೋದಯದ ಬಿಂದು ಸುಮಾರು 48 ಡಿಗ್ರಿ ಸರಿಯುತ್ತದೆ, 50 ಡಿಗ್ರಿ ಅಕ್ಷಾಂಶದಲ್ಲಿ 75 ಡಿಗ್ರಿಗೂ ಹೆಚ್ಚು. ಡಿಸೆಂಬರ್‌ನಲ್ಲಿ ನೋಡಿದಾಗ ಮಹಡಿಯ ಕೋಣೆಗೆ ಓರೆಯಾಗಿ ಬೀಳುತ್ತಿದ್ದ ಬೆಳಗಿನ ಬಿಸಿಲು ಮೇ ತಿಂಗಳಲ್ಲಿ ಆ ಕಿಟಕಿಗೆ ಬಾರದೆಯೇ ಹೋಗಬಹುದು. ಸನ್ ಸೀಕರ್, ಫೋಟೊಪಿಲ್ಸ್ ಮುಂತಾದ ಆ್ಯಪ್‌ಗಳು ಬೇಕಾದ ದಿನಾಂಕದ ಸೂರ್ಯಪಥವನ್ನು ಸ್ಥಳದಲ್ಲೇ ತೋರಿಸುತ್ತವೆ. ಆದರೆ ಕಬ್ಬಿಣದ ತೊಲೆಗಳಿರುವ ಕಾರ್ಖಾನೆಯೊಳಗೆ ಮೊಬೈಲಿನ ದಿಕ್ಸೂಚಿಯನ್ನು ನಂಬಬೇಡಿ, ಹೊರಗೆ ಬಂದು ದಿಕ್ಕನ್ನು ಖಚಿತಪಡಿಸಿಕೊಳ್ಳಿ.

ನದಿಯ ದೃಶ್ಯ ಸಂಜೆಯ ಹೊಂಬಿಸಿಲಿನಲ್ಲಿ ಇದ್ದರೆ, ಗೋಲ್ಡನ್ ಅವರ್ ಎಂಬ ಹೆಸರನ್ನು ನಂಬಿ ಒಂದು ಗಂಟೆ ಸಿಗುತ್ತದೆಂದು ಶೆಡ್ಯೂಲ್ ಹಾಕಬೇಡಿ. ಉಷ್ಣವಲಯದಲ್ಲಿ ಸೂರ್ಯ ಬಹುತೇಕ ನೇರವಾಗಿ ಇಳಿಯುವುದರಿಂದ, ದಿಗಂತದ ಮೇಲಿನ ಕೊನೆಯ 6 ಡಿಗ್ರಿಯನ್ನು ಅವನು ದಾಟಲು ಇಪ್ಪತ್ತೈದು ನಿಮಿಷದ ಆಸುಪಾಸು ಸಾಕು. ಧ್ರುವಗಳತ್ತ ಹೋದಂತೆ ಈ ಅವಧಿ ಹಿಗ್ಗುತ್ತದೆ. ಆಚೆ ದಡದಲ್ಲಿ ಗುಡ್ಡವೋ ಮರಗಳ ಸಾಲೋ ಇದ್ದರೆ ಆ ಇಪ್ಪತ್ತೈದು ನಿಮಿಷವೂ ದಕ್ಕುವುದಿಲ್ಲ.

ಒಳಾಂಗಣದಲ್ಲಿ ಕಿಟಕಿಯನ್ನೇ ಮೊದಲು ನೋಡಿ. ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿದ್ದರೆ ಕೋಣೆಯ ಒಳಮೂಲೆಯಲ್ಲಿ ನೂರಿನ್ನೂರು ಲಕ್ಸ್ ಇರಬಹುದು. ಇದು ಒಂಬತ್ತು ಹತ್ತು ಸ್ಟಾಪ್‌ಗಳ ವ್ಯತ್ಯಾಸ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು). ಕಿಟಕಿಯಾಚೆಯ ನೋಟವೂ ಒಳಗಿನ ಮುಖವೂ ಒಟ್ಟಿಗೆ ಕಾಣಬೇಕೆಂದರೆ ಗಾಜಿಗೆ ಬೆಳಕು ತಗ್ಗಿಸುವ ಎನ್‌ಡಿ ಹಾಳೆ ಅಂಟಿಸಬೇಕು ಅಥವಾ ಒಳಗೆ ದೊಡ್ಡ ದೀಪ ಹಚ್ಚಬೇಕು. ಮಹಡಿಯ ಕಿಟಕಿಯಿಂದ ಬಿಸಿಲು ಬಂದಂತೆ ತೋರಿಸಲು ಹೊರಗೆ ಅಟ್ಟಣಿಗೆ ಕಟ್ಟಿ ದೀಪ ಏರಿಸಬೇಕಾಗುತ್ತದೆ, ಅದಕ್ಕೆ ಕೆಳಗೆ ಗಟ್ಟಿ ನೆಲ ಬೇಕು; ಪಕ್ಕದವರ ಕಾಂಪೌಂಡು ಅಲ್ಲೇ ಇದ್ದರೆ ಅವರ ಒಪ್ಪಿಗೆಯೂ ಬೇಕು. ಬಿಸಿಲಿನಂಥ ಬೆಳಕು ಕೊಡುವ 18 ಕಿಲೋವ್ಯಾಟಿನ ಎಚ್‌ಎಂಐ ದೀಪ ಒಂದೇ 230 ವೋಲ್ಟಿನಲ್ಲಿ 78 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ, ಮನೆಯ ಸಂಪರ್ಕದಿಂದ ಇದು ಆಗುವ ಮಾತಲ್ಲ. ಜನರೇಟರನ್ನು ಎಲ್ಲಿ ನಿಲ್ಲಿಸಿದರೆ ಮೈಕಿಗೆ ಕೇಳದು, ಅಲ್ಲಿಂದ ಕೇಬಲ್ ಎಷ್ಟು ಉದ್ದ ಬೇಕು ಎಂಬುದನ್ನು ಸ್ಥಳ ನೋಡಲು ಹೋದ ದಿನವೇ ಹೆಜ್ಜೆಯಲ್ಲಿ ಅಳೆದು ಬರೆದುಕೊಳ್ಳಿ. ಅಲ್ಲಿರುವ ಟ್ಯೂಬ್‌ಲೈಟುಗಳನ್ನೇ ಚಿತ್ರದಲ್ಲಿ ಬಳಸುವುದಾದರೆ ಇನ್ನೊಂದು ಪರೀಕ್ಷೆ ಬಾಕಿಯಿದೆ: 50 ಹರ್ಟ್ಜ್ ವಿದ್ಯುತ್ತಿನಲ್ಲಿ ಹಳೆಯ ಚೋಕಿನ ಟ್ಯೂಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಸೆಕೆಂಡಿಗೆ 24 ಫ್ರೇಮ್ ವೇಗದಲ್ಲಿ ಶಟರ್ ಕೋನವನ್ನು (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿಯ ಅಳತೆಯನ್ನು) 172.8 ಡಿಗ್ರಿಗೆ ಇಟ್ಟರೆ ಆ ಮಿನುಗು ಸಾಮಾನ್ಯವಾಗಿ ಚಿತ್ರದಲ್ಲಿ ಕಾಣುವುದಿಲ್ಲ. ಬೆಳಕು ಏರಿಳಿಸುವ ಡಿಮ್ಮರಿಗೆ ಜೋಡಿಸಿದ ಅಗ್ಗದ ಎಲ್‌ಇಡಿ ದೀಪಗಳು ಈ ಲೆಕ್ಕಕ್ಕೆ ಸಿಗುವಂಥವಲ್ಲ, ಕ್ಯಾಮೆರಾ ಹಿಡಿದೇ ನೋಡಬೇಕು.

ಮುಚ್ಚಿದ ಕಾರ್ಖಾನೆ ಚಿತ್ರಕ್ಕೆ ಮೆರುಗು ಕೊಡುತ್ತದೆ, ಆದರೆ ನಿಮಗೆ ಬೇಕಾದ ಮೂರು ಬಗೆಯ ಸ್ಥಳಗಳಲ್ಲಿ ಜೀವಕ್ಕೆ ಅಪಾಯ ಹೆಚ್ಚಿರುವುದು ಅಲ್ಲಿಯೇ. ಹಳೆಯ ಛಾವಣಿಯ ಹಾಳೆಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಒಡೆದರೆ ಅದರ ನಾರು ಉಸಿರಿಗೆ ಸೇರುತ್ತದೆ. ತುಕ್ಕು ಹಿಡಿದ ಮೆಟ್ಟಿಲು, ಮುಚ್ಚಳವಿಲ್ಲದ ಗುಂಡಿಗಳು, ರಾಸಾಯನಿಕಗಳ ಉಳಿಕೆ, ವರ್ಷಗಟ್ಟಲೆ ಬಿದ್ದ ಪಾರಿವಾಳಗಳ ಹಿಕ್ಕೆ ಇವೆಲ್ಲ ನಿಜವಾದ ಅಪಾಯಗಳೇ. ಕಟ್ಟಡದ ಬಲ ಅರಿತ ಎಂಜಿನಿಯರ್ ಒಬ್ಬರು ನೋಡಿ ಲಿಖಿತವಾಗಿ ಹೇಳದ ಹೊರತು ಮೇಲಿನ ಅಂತಸ್ತಿಗೆ ಯಾರನ್ನೂ ಹತ್ತಿಸಬೇಡಿ. ಈ ವಿಷಯದಲ್ಲಿ ಕಾವಲುಗಾರನ ಭರವಸೆಗೆ ಬೆಲೆಯಿಲ್ಲ. ನದಿಯ ದಡದಲ್ಲಿ ಕೇಳಬೇಕಾದದ್ದು ನೀರಿನ ಮಟ್ಟದ ಬಗ್ಗೆ. ಮೇಲ್ಗಡೆ ಅಣೆಕಟ್ಟಿದ್ದರೆ ನೀರು ಬಿಡುವ ವೇಳೆಯನ್ನು ಅದನ್ನು ನಡೆಸುವವರಿಂದಲೇ ತಿಳಿಯಬೇಕು. ಸಮುದ್ರಕ್ಕೆ ಸಮೀಪದ ದಡವಾದರೆ ಉಬ್ಬರವಿಳಿತಗಳ ನಡುವೆ ಸಾಮಾನ್ಯವಾಗಿ ಆರು ಗಂಟೆಗಿಂತ ತುಸು ಹೆಚ್ಚು ಅಂತರವಿರುವುದರಿಂದ, ಬೆಳಿಗ್ಗೆ ಕ್ಯಾಮೆರಾ ನಿಂತ ಜಾಗದಲ್ಲಿ ಮಧ್ಯಾಹ್ನ ನೀರು ನಿಂತಿರಬಹುದು.

ಇನ್ನು ತಂಡದ ಅನುಕೂಲಗಳು: ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಉಡುಪು ಬದಲಿಸುವ ಕೋಣೆ, ನೆರಳು, ಮೊಬೈಲ್ ಸಿಗ್ನಲ್, ಹತ್ತಿರದ ಆಸ್ಪತ್ರೆ. ಇವುಗಳಿಗೆ ವಿವರಣೆ ಬೇಡ. ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಕಡಿಮೆ ಬಜೆಟ್ಟಿನ ಚಿತ್ರದಲ್ಲಿ ಹಣಕ್ಕಿಂತ ಬೇಗ ಕರಗುವುದು ಹೊತ್ತು. ದಿನದ ನಡುವೆ ಇಡೀ ಯೂನಿಟ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದೆಂದರೆ, ಬಿಚ್ಚಿ ಕಟ್ಟಿ ಮತ್ತೆ ಬಿಚ್ಚುವುದರಲ್ಲಿ ಅರ್ಧ ದಿನವೇ ಹೋಗಬಹುದು. ಆದ್ದರಿಂದ ಕಾರ್ಖಾನೆಯ ಆವರಣದೊಳಗೇ ಕಚೇರಿ ಅಥವಾ ಗೋದಾಮಿನ ದೃಶ್ಯವನ್ನೂ, ಮನೆಯ ಹಿತ್ತಿಲಲ್ಲೇ ಇನ್ನೊಂದು ಮನೆಯ ಅಂಗಳವನ್ನೂ ಮಾಡಿಕೊಳ್ಳಲಾದರೆ, ಅಂಥ ಸ್ಥಳಕ್ಕೆ ತುಸು ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ.

ಈಗ ನಿಮ್ಮ ಎರಡು ಮನೆಗಳಿಗೆ ಬರೋಣ. 1920ರ ಸುಮಾರಿನಲ್ಲಿ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಬೇರೆ ಬೇರೆ ಕಡೆ ತೆಗೆದ ಶಾಟುಗಳನ್ನು ಜೋಡಿಸಿ, ಮಾಸ್ಕೋದಲ್ಲಿ ನಡೆಯುತ್ತಿದ್ದವರು ವಾಷಿಂಗ್ಟನ್ನಿನ ಶ್ವೇತಭವನದ ಮುಂದೆ ಇರುವಂತೆ ತೋರಿಸಿದ್ದರು. ಪ್ರೇಕ್ಷಕ ಜೋಡಣೆಯನ್ನು ನಂಬುತ್ತಾನೆಂಬುದು ಅಂದೇ ಸಾಬೀತಾಗಿದೆ. ಹೆದ್ದಾರಿಯ ಮನೆಯ ಹೊರನೋಟವನ್ನು ಮಾತಿಲ್ಲದ ಶಾಟುಗಳಿಗಾಗಿ ಒಂದೆರಡು ದಿನ ಮಾತ್ರ ಪಡೆದು, ಒಳಗಿನ ದೃಶ್ಯಗಳನ್ನೆಲ್ಲ ಸದ್ದಿಲ್ಲದ ಮನೆಯಲ್ಲಿ ಚಿತ್ರಿಸುವುದು ನನ್ನ ಸಲಹೆ. ಇದು ಕೂಡಿಬರಬೇಕಾದರೆ ಹೊಸ್ತಿಲಿನ ಅಗಲ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಅದರ ಬಣ್ಣ, ಒಳಗೆ ಕಾಲಿಟ್ಟಾಗ ಬೆಳಕು ಬರುವ ದಿಕ್ಕು, ಕಿಟಕಿಗಳ ಸರಳುಗಳ ವಿನ್ಯಾಸ ಎರಡೂ ಕಡೆ ಹೊಂದಬೇಕು. ಬಾಗಿಲನ್ನೇ ಬದಲಿಸಬೇಕಾದೀತು, ಕಲಾ ನಿರ್ದೇಶಕರನ್ನು ಈಗಲೇ ಜೊತೆಗೆ ಕರೆದುಕೊಳ್ಳಿ. ನಿರ್ದೇಶಕರ ಜೊತೆ ವಾದಕ್ಕಿಳಿಯಬೇಡಿ. ಎರಡೂ ಮನೆಗಳಲ್ಲಿ ಒಂದೇ ಸಂಭಾಷಣೆಯನ್ನು ಇಬ್ಬರಿಂದ ಹೇಳಿಸಿ, ದಾಖಲಿಸಿ, ಹೆಡ್‌ಫೋನನ್ನು ಅವರ ಕೈಗೆ ಕೊಡಿ. ಅದಾದ ಮೇಲೂ ಮೊದಲ ಮನೆಯೇ ಬೇಕೆಂದರೆ ಡಬ್ಬಿಂಗ್ ಖರ್ಚು ಮತ್ತು ಅದಕ್ಕೆ ನಟರ ದಿನಗಳು ಎಷ್ಟಾಗುತ್ತವೆಂಬ ಲೆಕ್ಕವನ್ನು ನಿರ್ಮಾಪಕರ ಮುಂದಿಡಬೇಕಾಗುತ್ತದೆ.

ಒಪ್ಪಂದಕ್ಕೆ ಮುನ್ನ, ಜಾಗ ತೋರಿಸಿದವರೇ ಅದರ ಒಡೆಯರೇ ಎಂಬುದನ್ನು ಕಾಗದದಲ್ಲಿ ನೋಡಿ. ಹಳೆಯ ಮನೆಗಳಿಗೆ ಹಲವು ಪಾಲುದಾರರು, ಮುಚ್ಚಿದ ಕಾರ್ಖಾನೆಗಳಿಗೆ ಸಾಲ ಕೊಟ್ಟ ಬ್ಯಾಂಕುಗಳು ಇರುವುದು ಅಪರೂಪವಲ್ಲ. ಸಾರ್ವಜನಿಕ ಜಾಗ, ರಸ್ತೆ, ನದಿ, ಡ್ರೋನ್ ಇವಕ್ಕೆಲ್ಲ ಬೇರೆ ಬೇರೆ ಅನುಮತಿ ಬೇಕಾಗಬಹುದು, ಮತ್ತು ಅನುಮತಿಯನ್ನು ಮೀರಿಯೂ ಹೊಣೆಯೊಂದಿದೆ. ಥಾಯ್ಲೆಂಡಿನ ಮಾಯಾ ಬೇ ಕಡಲತೀರದಲ್ಲಿ 1990ರ ದಶಕದ ಕೊನೆಗೆ ಚಿತ್ರೀಕರಣಕ್ಕಾಗಿ ಮರಳಿನ ದಿಬ್ಬಗಳನ್ನು ಬದಲಿಸಿ, ಅಲ್ಲಿಲ್ಲದ ತೆಂಗಿನ ಗಿಡಗಳನ್ನು ನೆಡಲಾಯಿತು. ಅದು ನ್ಯಾಯಾಲಯದವರೆಗೆ ಹೋಯಿತು. ಆಮೇಲೆ ಬಂದ ಪ್ರವಾಸಿಗಳ ದಟ್ಟಣೆಯಿಂದ ಹವಳದ ದಿಬ್ಬಗಳು ಹಾಳಾಗಿ, 2018ರಲ್ಲಿ ಆ ತೀರವನ್ನು ಮುಚ್ಚಬೇಕಾಯಿತು, ಮತ್ತೆ ತೆರೆದದ್ದು 2022ರ ಜನವರಿಯಲ್ಲಿ.

ಒಪ್ಪಂದದಲ್ಲಿ ಚಿತ್ರೀಕರಣದ ದಿನಗಳ ಜೊತೆಗೆ ಸಿದ್ಧತೆಯ ದಿನಗಳೂ ಎಲ್ಲವನ್ನೂ ಕಳಚಿ ಮೊದಲಿನಂತೆ ಮಾಡಿಕೊಡುವ ದಿನಗಳೂ ಸೇರಿರಲಿ. ಯಾವ ಕೋಣೆಗಳು, ಎಷ್ಟು ಹೊತ್ತು, ಗೋಡೆಗೆ ಏನು ಮಾಡಬಹುದು, ಹಾನಿಗೆ ಠೇವಣಿ ಎಷ್ಟು, ಆ ಸ್ಥಳದ ಚಿತ್ರಗಳನ್ನು ಪ್ರದರ್ಶಿಸುವ ಹಕ್ಕು ಯಾರದು ಎಂಬುದೆಲ್ಲ ಬರಹದಲ್ಲಿರಬೇಕು. ಸಂಕಲನದ ಸಮಯದಲ್ಲಿ ಒಂದು ಶಾಟ್ ಕಡಿಮೆ ಬಿದ್ದರೆ ಅದೇ ದರದಲ್ಲಿ ಇನ್ನೊಂದು ದಿನ ಬಂದು ಚಿತ್ರಿಸಲು ಅವಕಾಶವಿರಬೇಕೆಂಬ ಷರತ್ತನ್ನು ಬಹುತೇಕರು ಮರೆಯುತ್ತಾರೆ, ನೀವು ಮರೆಯಬೇಡಿ. ಸಾಮಾನು ಒಳಗೆ ಬರುವ ಮೊದಲೇ ಪ್ರತಿ ಗೋಡೆ, ನೆಲ, ಪೀಠೋಪಕರಣಗಳ ಈಗಿನ ಸ್ಥಿತಿಯ ಚಿತ್ರ ತೆಗೆದು ಒಡೆಯರಿಗೆ ಒಂದು ಪ್ರತಿ ಕಳುಹಿಸಿ. ಎರಡನೆಯ ಮನೆ ಯಾವುದೋ ಕಾರಣಕ್ಕೆ ಕೈತಪ್ಪಿದರೆ ಹೋಗಬೇಕಾದ ಮೂರನೆಯ ಮನೆಯನ್ನು ಇಂದಿನಿಂದಲೇ ಹುಡುಕಲಾರಂಭಿಸಿ. ಸದ್ದಿಲ್ಲದ ಮನೆಗೆ ಮುಂಗಡ ಕೊಡುವವರೆಗೂ, ಒಳಗಿನ ದೃಶ್ಯಗಳಿಗೆ ಅವರ ಮನೆ ಬೇಡವೆಂದು ಹೆದ್ದಾರಿ ಮನೆಯವರಿಗೆ ಹೇಳಬೇಡಿ.